ಈಗ ನಿಮ್ಮ ಹಲ್ಲು ತಾಗಿದೆಯಾ?

ಸೋಮವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಆ ಡಾಕ್ಟರ್ ನನ್ನನ್ನು ಕುರ್ಚಿಯಲ್ಲಿ ಒರಗಿಸಿರಲಿಲ್ಲ, ಬಾಯಿ ತೆಗೀರಿ ಅಂದಿರಲಿಲ್ಲ, ಲೈಟ್ ಕೂಡ ಹಾಕಿರಲಿಲ್ಲ. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ನಾನು ಆರು ತಿಂಗಳ ಹಲ್ಲು ನೋವಿನ ಕಥೆ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು. ಆಮೇಲೆ ಬರೆದುಕೊಳ್ಳತೊಡಗಿದರು. ನಾನು ಸುಮ್ನೆ ಕಾಯುತ್ತಾ ಕೂತೆ. ಬರೆಯುತ್ತಲೇ ಕೇಳಿದರು.

"ಹಾಗೇ ಇರಿ, ಅಲ್ಲಾಡಬೇಡಿ. ಈಗ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯಾ?"

"ತಾಗಿದೆ."

"ಯಾವಾಗಲೂ ಹೀಗೇನಾ?"

"ಬಾಯಿ ಮುಚ್ಚಿದಾಗ ತಾಗಲೇಬೇಕಲ್ವಾ?"

"ಇಲ್ಲ," ಅಂದರು. "ತಾಗಬಾರದು."

ಇಷ್ಟು ವರ್ಷ ಇದೇ ಬಾಯಿ ಇಟ್ಟುಕೊಂಡು ಬದುಕಿದ್ದೇನೆ, ಆದರೂ ನನಗಿದು ಗೊತ್ತಿರಲಿಲ್ಲ. ಸುಮ್ಮನಿರುವಾಗ ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಜಾಗ ಇರಬೇಕಂತೆ. ಅಗಿಯುವುದು, ನುಂಗುವುದು ಎಲ್ಲ ಸೇರಿದರೂ ಹಲ್ಲಿಗೆ ಹಲ್ಲು ತಾಗುವ ಹೊತ್ತು ದಿನಕ್ಕೆ ಸುಮಾರು 20 ನಿಮಿಷ ಅಂತ ಅವರು ಹೇಳಿದಾಗ ನಾನು ನಂಬಲಿಲ್ಲ. ನನ್ನದು ಗಂಟೆಗಟ್ಟಲೆ ಇತ್ತು.

ನೋವು ಇದ್ದದ್ದು ಎಡಗಡೆ, ಕೆಳಗಿನ ದವಡೆ ಹಲ್ಲಿನಲ್ಲಿ, ಹಿಂದಿನಿಂದ ಎರಡನೆಯದರಲ್ಲಿ. ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿತ್ತು. ಕೆಲವು ದಿನ ಅದೇ ಕಡೆಯ ಮೇಲಿನ ಹಲ್ಲಿಗೆ ಏರುತ್ತಿತ್ತು. ಕೆಲವು ದಿನ ಕಿವಿಯ ಮುಂದೆ, ಹುಬ್ಬಿನ ಪಕ್ಕದವರೆಗೂ ಹರಡುತ್ತಿತ್ತು. ಚುಚ್ಚುವ ನೋವಲ್ಲ. ಒಳಗೊಳಗೇ ಜಗ್ಗುವ, ಭಾರವಾದ ನೋವು. ಬೆಳಿಗ್ಗೆ ಎದ್ದಾಗ ಏನೂ ಇರುತ್ತಿರಲಿಲ್ಲ. ಮಧ್ಯಾಹ್ನ ಮೆಲ್ಲಗೆ ಶುರುವಾಗಿ, ಅಮ್ಮನ ರಾತ್ರಿ ಮಾತ್ರೆ ಕೊಡುವ ಹೊತ್ತಿಗೆ ನನಗೆ ಮಾತಾಡುವುದೂ ಬೇಡವಾಗುತ್ತಿತ್ತು. ಬೆಳಿಗ್ಗೆ ಇಲ್ಲ, ಸಂಜೆ ಜಾಸ್ತಿ. ಇದನ್ನು ನಾನು ನೋಡಿದ ಎಲ್ಲ ವೈದ್ಯರಿಗೂ ಹೇಳಿದ್ದೆ. ಬರೆದುಕೊಂಡವರು ಇವರೊಬ್ಬರೇ.

ಮೊದಲು ನೋಡಿದ ಹಲ್ಲಿನ ವೈದ್ಯರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಕೈ ಮೃದು, ಮಾತೂ ಮೃದು. ಎಕ್ಸ್‌ರೇಯಲ್ಲಿ ಹುಳುಕು ಕಾಣಲಿಲ್ಲ. ಹಳೆಯ ಫಿಲ್ಲಿಂಗ್ ತೆಗೆದು ಹೊಸದು ಹಾಕಿದರು. ನೋವು ಹೋಗಲಿಲ್ಲ. ಆಗ, ಹಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು, ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು ಎಂದರು. ಅದು ಸುಳ್ಳಲ್ಲ. ಎಷ್ಟೋ ಬಿರುಕುಗಳು ಎಕ್ಸ್‌ರೇಗೆ ಸಿಗುವುದಿಲ್ಲ. ಆದರೆ ಬಿರುಕು ಬಿಟ್ಟ ಹಲ್ಲು ಸಾಮಾನ್ಯವಾಗಿ ಗಟ್ಟಿಯಾದದ್ದನ್ನು ಕಚ್ಚಿದಾಗ, ಅದಕ್ಕಿಂತ ಜಾಸ್ತಿಯಾಗಿ ಕಚ್ಚಿದ್ದನ್ನು ಬಿಟ್ಟಾಗ, ಚುಳ್ ಎನ್ನುತ್ತದೆ. ತಣ್ಣೀರು ಸೋಕಿದರೆ ಜುಮ್ಮೆನ್ನುತ್ತದೆ. ನನಗೆ ಎರಡೂ ಇರಲಿಲ್ಲ. ನಾನಿದನ್ನು ಈ ವಾರ ಕಲಿತೆ. ಅವರಿಗೆ ಆಗಲೇ ಗೊತ್ತಿರಬೇಕಿತ್ತು, ಮತ್ತು ಈ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾಲ್ಕನೇ ತಿಂಗಳಲ್ಲಿ ರೂಟ್ ಕೆನಾಲ್ ಆಯಿತು. ಒಳಗಿನ ನರ ತೆಗೆದು, ಬೇರಿನ ಕೊಳವೆಗಳನ್ನು ತುಂಬಿಸಿ, ಮೇಲೆ ಕ್ಯಾಪ್ ಕೂರಿಸಿದರು. ಎರಡು ದಿನ ಹಗುರಾಗಿತ್ತು. ಮೂರನೇ ದಿನ ಸಂಜೆ ಅದೇ ಜಾಗ, ಅದೇ ನೋವು. ನರವೇ ಇಲ್ಲದ ಹಲ್ಲು ಹೇಗೆ ನೋಯುತ್ತದೆ ಎಂದು ಫೋನ್ ಮಾಡಿ ಕೇಳಿದೆ. "ಸ್ವಲ್ಪ ದಿನ ಇರುತ್ತೆ, ಟೆನ್ಶನ್ ಮಾಡ್ಕೋಬೇಡಿ" ಅಂದರು.

ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಟೆನ್ಶನ್ ಅಂದಕೂಡಲೇ ಮಾತು ಮುಗಿದುಹೋಗುತ್ತದೆ. ನೋವು ನಿನ್ನದು, ಕಾರಣವೂ ನೀನೇ ಅಂದ ಹಾಗೆ. ಮುಂದೆ ಕೇಳಲು ಏನೂ ಉಳಿಯುವುದಿಲ್ಲ.

ಆಮೇಲೆ ಕಿವಿ ಮೂಗು ಗಂಟಲಿನ ತಜ್ಞರನ್ನು ನೋಡಿದ್ದಾಯಿತು. ಮೇಲಿನ ದವಡೆ ಹಲ್ಲುಗಳ ಬೇರು ಸೈನಸ್‌ನ ತಳಕ್ಕೆ ಬಹಳ ಹತ್ತಿರ ಇರುತ್ತದೆ, ಸೈನಸ್ ಊದಿಕೊಂಡರೆ ಹಲ್ಲು ನೋವಿನ ಹಾಗೇ ಕಾಣಿಸಬಹುದು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ನಮ್ಮ ಮನೆಗೆ ಬೇಕಾದ ಸಾಮಾನ್ಯ ವೈದ್ಯರೊಬ್ಬರಿದ್ದಾರೆ, ವಯಸ್ಸಾದವರು. ಅವರು ಕೇಳಿದ್ದು ಬೇರೆ. ಮೆಟ್ಟಿಲು ಹತ್ತಿದಾಗ ನೋವು ಬರುತ್ತಾ? ಬೆವರು ಬರುತ್ತಾ, ಎದೆ ಹಿಡಿದ ಹಾಗಾಗುತ್ತಾ? ಕರೆಂಟ್ ಹೊಡೆದ ಹಾಗೆ ಕ್ಷಣಮಾತ್ರ ಬಂದು ಹೋಗುತ್ತಾ? ಎಲ್ಲಕ್ಕೂ ಇಲ್ಲ ಅಂದೆ. ಆದರೂ ಇಸಿಜಿ ಮಾಡಿಸಿದರು. ಹೃದಯದ ತೊಂದರೆ ಕೆಲವರಿಗೆ, ಅದರಲ್ಲೂ ಹೆಂಗಸರಿಗೆ, ದವಡೆಯ ನೋವಾಗಿ ಕಾಣಿಸಿಕೊಳ್ಳಬಹುದು, ನಡೆದಾಗ ಬಂದು ಕೂತಾಗ ಹೋಗುವ ದವಡೆ ನೋವನ್ನು ಹಲ್ಲಿನದು ಅಂತ ಬಿಡಬಾರದು ಅಂತ ಬಿಡಿಸಿ ಹೇಳಿದರು. ಆ ಐದು ನಿಮಿಷಕ್ಕೆ ನಾನು ಅವರಿಗೆ ಋಣಿ. ಕಾರಣ ಸಿಗಲಿಲ್ಲ, ಭಯ ಹೋಯಿತು.

ಅಕ್ಕ ಮಾತ್ರ ಪ್ರತಿ ಸಂಜೆ ಅಮ್ಮನ ಜೊತೆ ಮಾತಾಡಲು ಫೋನ್ ಮಾಡಿದಾಗ, "ಕೀಳಿಸಿ ಬಿಸಾಕೇ, ಒಂದು ಹಲ್ಲಿಗೆ ಇಷ್ಟೊಂದು ಯಾಕೆ?" ಅನ್ನುತ್ತಿದ್ದಳು. ಅಕ್ಕ ಯಾವುದನ್ನೂ ಎಳೆಯುವವಳಲ್ಲ. ಅವಳಿಗೆ ಎಲ್ಲವೂ ಆಗಲೇ ಮುಗಿಯಬೇಕು. ನಿಜ ಹೇಳಬೇಕೆಂದರೆ, ಹೋದ ತಿಂಗಳು ಕೀಳಿಸಲು ನಾನೂ ಒಪ್ಪಿದ್ದೆ. ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ನಮ್ಮ ಯಜಮಾನರು ಹಿಡಿದು ನಿಲ್ಲಿಸದಿದ್ದರೆ ಈಗ ಅಲ್ಲಿ ಕ್ಯಾಪ್ ಕೂಡ ಇರುತ್ತಿರಲಿಲ್ಲ.

ಸೋಮವಾರಕ್ಕೆ ವಾಪಸ್ ಬರುತ್ತೇನೆ. "ತಾಗಬಾರದು" ಅಂದ ಮೇಲೆ ಡಾಕ್ಟರ್ ಎದ್ದು ಬಂದು, ಎರಡು ಬೆರಳನ್ನು ನನ್ನ ಎಡಗೆನ್ನೆಯ ಮೇಲೆ, ಕಿವಿಯ ಕೆಳಗೆ ದವಡೆ ತಿರುಗುವ ಜಾಗಕ್ಕಿಂತ ಸ್ವಲ್ಪ ಮುಂದೆ ಇಟ್ಟರು. ಹಲ್ಲು ಕಚ್ಚಿ ಅಂದರು. ಬೆರಳಿನ ಕೆಳಗೆ ಗಂಟಿನ ಹಾಗೆ ಏನೋ ಎದ್ದಿತು. ಸಡಿಲ ಬಿಡಿ ಅಂದು, ಅದೇ ಜಾಗವನ್ನು ಮೆಲ್ಲಗೆ ಒತ್ತಿ ಹಿಡಿದರು. ಒಂದು, ಎರಡು, ಮೂರು, ನಾಲ್ಕು. ಐದು ಎಣಿಸುವಷ್ಟರಲ್ಲಿ ಹಲ್ಲು ನೋಯಲು ಶುರುವಾಯಿತು. ನರ ತೆಗೆದಿದ್ದ ಅದೇ ಹಲ್ಲು. ಅದೇ ಜಗ್ಗುವ ನೋವು, ನನಗೆ ಆರು ತಿಂಗಳಿಂದ ಪರಿಚಯವಿದ್ದದ್ದು.

"ನಿಮ್ಮ ನೋವು ಇದೇನಾ?"

"ಇದೇ. ಆದ್ರೆ ನೀವು ಒತ್ತಿದ್ದು ಕೆನ್ನೆ."

"ಹೌದು, ಒತ್ತಿದ್ದು ಕೆನ್ನೆ."

ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ಅದು ಎಲ್ಲಿಂದಲೋ ಬರುವಂಥದ್ದು, ನನ್ನ ಕಲ್ಪನೆಯಲ್ಲ, ಬೇರೆಯವರೊಬ್ಬರ ಬೆರಳಿಗೂ ಸಿಗುವಂಥದ್ದು ಅನ್ನುವುದಕ್ಕೆ.

ಆ ಸ್ನಾಯುವಿನ ಹೆಸರು ಮ್ಯಾಸಿಟರ್, ಅಗಿಯುವ ಸ್ನಾಯು. ಹಲ್ಲು, ದವಡೆ, ಈ ಸ್ನಾಯು, ಸೈನಸ್, ಇವೆಲ್ಲದರ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎನ್ನುವ ಒಂದೇ ನರ, ಮೂರು ಕವಲಿನದು. ಸುದ್ದಿ ಯಾವ ಮನೆಯಿಂದ ಬಂತು ಅಂತ ಮಿದುಳಿಗೆ ಕೆಲವು ಸಲ ಗುರುತು ತಪ್ಪುತ್ತದೆ. ಸ್ನಾಯು ಕೂಗುತ್ತದೆ, ಹಲ್ಲು ನೋಯುತ್ತದೆ. ಮನೆಗೆ ಬಂದು ಹುಡುಕಿ ಓದಿದೆ. ಯಾವ ಸ್ನಾಯು ಬಿಗಿದರೆ ನೋವು ಮತ್ತೆಲ್ಲಿ ಕಾಣಿಸುತ್ತದೆ ಅನ್ನುವುದನ್ನು ಮೈಯೆಲ್ಲ ಹುಡುಕಿ ನಕ್ಷೆ ಮಾಡಿದವರಲ್ಲಿ ಮುಖ್ಯರಾದವರು ಜಾನೆಟ್ ಟ್ರಾವೆಲ್ ಎಂಬ ಅಮೆರಿಕದ ವೈದ್ಯೆ. ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದವರು. ಆ ನಕ್ಷೆಯಲ್ಲಿ ಮ್ಯಾಸಿಟರ್ ಮೇಲೆ ಗುರುತು ಹಾಕಿ, ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳಿಗೆ ಬಣ್ಣ ಬಳಿದಿದ್ದಾರೆ. ನನ್ನ ಮುಖವನ್ನೇ ನೋಡಿ ಬರೆದ ಹಾಗಿತ್ತು. ಇಷ್ಟು ಹಳೆಯ ತಿಳಿವಳಿಕೆ ಇದು. ನನ್ನ ಹಲ್ಲಿಗೆ ಕೈ ಹಾಕುವ ಮೊದಲು ಒಬ್ಬರಾದರೂ ಐದು ಸೆಕೆಂಡ್ ಕೆನ್ನೆ ಒತ್ತಿ ನೋಡಬಹುದಿತ್ತಲ್ವಾ? ತೆಗೆದ ನರ ಮತ್ತೆ ಬರುವುದಿಲ್ಲ.

ಹಾಗಂತ ಆ ಹಲ್ಲಿನ ವೈದ್ಯರೊಬ್ಬರದೇ ತಪ್ಪು ಅನ್ನಲಾರೆ. ಬೆರಳಿಟ್ಟು "ಇದೇ ಹಲ್ಲು" ಅಂತ ಅಷ್ಟು ಗಟ್ಟಿಯಾಗಿ ತೋರಿಸಿದವಳು ನಾನು. ನೋಯುವವರು ತೋರಿಸಿದ ಕಡೆಗೇ ಎಲ್ಲರೂ ನೋಡುತ್ತಾರೆ.

ಡಾಕ್ಟರ್ ಕನ್ನಡಿ ಕೊಟ್ಟು ಇನ್ನೂ ಎರಡು ಗುರುತು ತೋರಿಸಿದರು. ಕೆನ್ನೆಯ ಒಳಗೆ ಹಲ್ಲು ಸೇರುವ ಮಟ್ಟಕ್ಕೆ ಒಂದು ಬಿಳಿ ಗೆರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು. ಬೆಳಿಗ್ಗೆ ನೋವಿದ್ದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಅಂತ ನೋಡಬೇಕಿತ್ತು, ಸಂಜೆ ನೋವು ಅಂದರೆ ಹಗಲಲ್ಲಿ ಎಚ್ಚರವಿದ್ದಾಗಲೇ ಕಚ್ಚುತ್ತಿದ್ದೀರಿ ಅಂದರು. ಸದ್ಯಕ್ಕೆ ಮಾತ್ರೆ ಇಲ್ಲ, ಹಲ್ಲಿಗೆ ಹಾಕುವ ಗಾರ್ಡ್ ಇಲ್ಲ. ಬಿಸಿ ಬಟ್ಟೆಯ ಶಾಖ, ಗಟ್ಟಿ ಪದಾರ್ಥ ಬೇಡ, ನಾಲಿಗೆ ತುದಿ ಮುಂದಿನ ಹಲ್ಲಿನ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಲಿ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಆರು ವಾರದಲ್ಲಿ ಇಳಿಯದಿದ್ದರೆ ಮತ್ತೆ ಮೊದಲಿನಿಂದ ನೋಡೋಣ. ನಾನೇ ಕೇಳಿದೆ, ಇದೆಲ್ಲ ಟೆನ್ಶನ್‌ನಿಂದಾನಾ ಅಂತ. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. "ಕಾರಣ ಆಮೇಲೆ. ಮೊದಲು ಹೊತ್ತು ಹುಡುಕಿ. ಯಾವ ಹೊತ್ತಲ್ಲಿ ಹಲ್ಲು ತಾಗಿರುತ್ತೆ, ಬರೆದಿಡಿ" ಅಂದರು.

ಅದಕ್ಕೆ ಮನೆ ತುಂಬಾ ಕೆಂಪು ಚುಕ್ಕೆಯ ಸ್ಟಿಕ್ಕರ್ ಅಂಟಿಸಿದೆ. ಫೋನ್ ಹಿಂದೆ, ಕಂಪ್ಯೂಟರ್ ಮೂಲೆಯಲ್ಲಿ, ಅಡುಗೆಮನೆ ಕಪಾಟಿಗೆ, ಕನ್ನಡಿಗೆ, ಅಮ್ಮನ ಹಾಸಿಗೆ ಪಕ್ಕದ ಮೇಜಿಗೆ. ಚುಕ್ಕೆ ಕಂಡಾಗಲೆಲ್ಲ ಅದೇ ಪ್ರಶ್ನೆ. ಈಗ ನಿಮ್ಮ ಹಲ್ಲು ತಾಗಿದೆಯಾ?

ಜಗಳ, ಸಿಟ್ಟು, ಅಳು ಬಂದಾಗ ಕಚ್ಚುತ್ತಿರಬಹುದು ಅಂದುಕೊಂಡಿದ್ದೆ. ನಾನು ಬರೆದಿಟ್ಟ ಪುಸ್ತಕ ಬೇರೆಯೇ ಹೇಳಿತು. ಸೂಜಿಗೆ ದಾರ ಪೋಣಿಸುವಾಗ ತಾಗಿತ್ತು. ಸಣ್ಣ ಅಕ್ಷರ ಓದುವಾಗ, ಮಾತ್ರೆ ಎಣಿಸಿ ಡಬ್ಬಿಗೆ ಹಾಕುವಾಗ, ಗಾಡಿ ಹಿಂದಕ್ಕೆ ತೆಗೆಯುವಾಗ ತಾಗಿತ್ತು. ಸಿಂಕ್ ಮುಂದೆ ನಿಂತು ತೊಳೆಯುವಾಗ ತಾಗಿರಲಿಲ್ಲ. ಅಕ್ಕನ ಜೊತೆ ಮಾತಾಡುವಾಗಲೂ ಇಲ್ಲ. ಅಮ್ಮನ ಮೇಜಿನ ಚುಕ್ಕೆ ಕಂಡಾಗ ಮಾತ್ರ, ಮಂಗಳವಾರ, ಬುಧವಾರ, ಒಂದು ಸಲವೂ ಬಿಡದೆ, ತಾಗಿತ್ತು. ತಾಗಿತ್ತು ಅನ್ನುವುದು ಕಡಿಮೆ. ಬಿಗಿದುಕೊಂಡಿತ್ತು.

ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಎಂಟು ತಿಂಗಳು. ಕೈಕಾಲು ಬಹಳಷ್ಟು ಸುಧಾರಿಸಿದೆ. ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ, ಹಾಗಾಗಿ ಮಾತು ಹೋಯಿತು. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ, ಅವಳಿಗೆ ಬೇಕಾದ ಪದ ಮಾತ್ರ ಸಿಗುವುದಿಲ್ಲ. ಮೊದಲ ಅಕ್ಷರ ಹಿಡಿದುಕೊಂಡು ಹುಡುಕುತ್ತಾಳೆ. ಮಾತಿನ ತರಬೇತಿ ಕೊಡುವವರು ಮೊದಲ ದಿನವೇ ಹೇಳಿದ್ದರು, ಅವರ ಮಾತನ್ನು ನೀವು ಪೂರ್ತಿ ಮಾಡಬೇಡಿ, ಎಷ್ಟು ಹೊತ್ತಾದರೂ ಕಾಯಿರಿ ಅಂತ. ಅಕ್ಕನಿಗೆ ಅದು ಆಗಲೇ ಇಲ್ಲ. ಅಮ್ಮ "ನೀ" ಅಂದರೆ ಫೋನಿನಲ್ಲೇ "ನೀರಾ? ನೀರು ಬೇಕಾ?" ಅನ್ನುತ್ತಾಳೆ. ಅದಕ್ಕೆ ನಾನು ಅವಳನ್ನು ಎಷ್ಟು ಸಲ ಬೈದಿದ್ದೇನೆ. ನನಗೆ ಕಾಯಲು ಬರುತ್ತದೆ ಅನ್ನುವ ಹೆಮ್ಮೆ ಇತ್ತು.

ಹೇಗೆ ಕಾಯುತ್ತಿದ್ದೆ ಅಂತ ಈ ವಾರ ಗೊತ್ತಾಯಿತು. ಅಮ್ಮನ ಪದ ನನ್ನ ಬಾಯಿಗೆ ಬಂದು ನಿಲ್ಲುತ್ತಿತ್ತು, ಹೊರಗೆ ಬಿಡಬಾರದು ಅಂತ ಕಚ್ಚಿ ಹಿಡಿಯುತ್ತಿದ್ದೆ. ಹಲ್ಲು ಕಚ್ಚಿಕೊಂಡು ಅಂತ ನಾವು ಮಾತಿಗೆ ಹೇಳುತ್ತೇವಲ್ಲ, ನಾನದನ್ನು ಮೈಯಲ್ಲೇ ಮಾಡುತ್ತಿದ್ದೆ, ದಿನಕ್ಕೆ ಐವತ್ತು ಸಲ.

ಬುಧವಾರ ರಾತ್ರಿ ಯಜಮಾನರಿಗೆ ಪುಸ್ತಕ ತೋರಿಸಿದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಹತ್ರ ಕೂತಾಗ ನಿನ್ನ ದವಡೆ ಕುಣಿಯೋದು ನೋಡಿದ್ದೀನಿ. ಹಲ್ಲು ನೋವಿಗೆ ಅಂದುಕೊಂಡಿದ್ದೆ" ಅಂದರು.

ಅವರಿಗೆ ಕಂಡಿದೆ ಅಂದರೆ ಅಮ್ಮನಿಗೂ ಕಂಡಿರಬೇಕು. ಅಲ್ಲಿಂದ ನನಗೆ ಹಲ್ಲಿನ ವಿಷಯವೇ ಮರೆತುಹೋಯಿತು. ಅಮ್ಮ ಪದ ಹುಡುಕುವಾಗ ನೋಡುವುದು ನನ್ನ ಮುಖವನ್ನು. ಎಂಟು ತಿಂಗಳು ಅವಳಿಗೆ ಅಲ್ಲಿ ಕಂಡದ್ದು ಬಿಗಿದ ದವಡೆ. ಎಷ್ಟೋ ಸಲ ಅವಳು ಅರ್ಧಕ್ಕೆ ನಿಲ್ಲಿಸಿ, ಬೇಡ ಅನ್ನುವ ಹಾಗೆ ಕೈ ಅಲ್ಲಾಡಿಸಿ, ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಸುಸ್ತಾಗಿದೆ ಪಾಪ ಅಂದುಕೊಳ್ಳುತ್ತಿದ್ದೆ. ಆ ಸಲಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಾ ರಾತ್ರಿಯೆಲ್ಲ ಎದ್ದೇ ಇದ್ದೆ. ಕಾಯುವುದು ಬಾಯಿಂದ ಅಂತ ನಾನು ತಿಳಿದಿದ್ದೆ, ಅವಳಿಗೆ ಬೇಕಾಗಿದ್ದದ್ದು ಕಾಯುವ ಮುಖ.

ನೋವು ಪೂರ್ತಿ ಹೋಗಿಲ್ಲ. ನಿನ್ನೆ ಸಂಜೆ ಅರ್ಧದಷ್ಟಿತ್ತು, ನಾಲ್ಕು ದಿನಕ್ಕೆ ಜಾಸ್ತಿ ಹೇಳಲಾಗದು.

ನಿನ್ನೆ ಸಂಜೆಯೇ, ಅಮ್ಮನ ಪಕ್ಕ ಕೂತಿದ್ದೆ. "ಕಿ" ಅಂದಳು. ನನ್ನನ್ನು ನೋಡಿದಳು. ಮತ್ತೆ "ಕಿ". ಕಿವಿ ಮೆಷಿನ್ ಬೇಕಿರಬೇಕು ಅಂತ ನನಗೆ ಆಗಲೇ ಖಾತ್ರಿಯಾಯಿತು, ಅದು ಮೇಜಿನ ಮೇಲೆ ಚುಕ್ಕೆಯ ಪಕ್ಕದಲ್ಲೇ ಇತ್ತು. ನಾಲಿಗೆ ತುದಿಯನ್ನು ಅಂಗುಳಕ್ಕೆ ಇಟ್ಟೆ. ಹಲ್ಲು ಬಿಟ್ಟೆ. ಅವಳ ಮುಖ ನೋಡುತ್ತಾ ಕೂತೆ. ಬಹಳ ಹೊತ್ತಾಯಿತು. ಅವಳು ಗೋಡೆ ಕಡೆ ತಿರುಗಲಿಲ್ಲ.

"ಕಿಟಕಿ," ಅಂದಳು.

"ತೆಗೀಲಾ ಅಮ್ಮ?"

ತಲೆಯಾಡಿಸಿದಳು. ಎದ್ದು ತೆಗೆದೆ.