ವಿಲನೋವಾದ ಆ 4.7 ಸೆಕೆಂಡು

2016ರ ಏಪ್ರಿಲ್ 4ರಂದು ಹ್ಯೂಸ್ಟನ್‌ನಲ್ಲಿ ವಿಲನೋವಾ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ತಂಡಗಳ ನಡುವೆ ನಡೆದ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ಪಂದ್ಯವನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ನಾರ್ತ್ ಕ್ಯಾರೊಲಿನಾದ ಮಾರ್ಕಸ್ ಪೇಜ್ ಎಸೆದ ಚೆಂಡು ಅಂಕಗಳನ್ನು 74–74ಕ್ಕೆ ಸಮ ಮಾಡಿದಾಗ ಉಳಿದಿದ್ದುದು 4.7 ಸೆಕೆಂಡು ಮಾತ್ರ. ವಿಲನೋವಾದ ಅಂತಿಮ ವರ್ಷದ ಆಟಗಾರ ರಯಾನ್ ಆರ್ಚಿಡಿಯಾಕೊನೊ ಚೆಂಡನ್ನು ಪುಟಿಸುತ್ತ ಅಂಕಣದುದ್ದಕ್ಕೂ ಓಡಿ, ಗೆಲುವಿನ ಎಸೆತಕ್ಕೆ ತಾನೇ ಕೈಹಾಕಬಹುದಾಗಿದ್ದರೂ, ಹಿಂದಿನಿಂದ ಬಂದ ಕ್ರಿಸ್ ಜೆಂಕಿನ್ಸ್‌ಗೆ ಅದನ್ನು ಒಪ್ಪಿಸಿದ. ಜೆಂಕಿನ್ಸ್ ಎಸೆದ ಚೆಂಡು ಬಲೆಗೆ ಬಿದ್ದಾಗ ಅಂಕ 77–74 ಆಗಿತ್ತು. ಎಲ್ಲರೂ ಆ ಎಸೆತವನ್ನು ನೆನೆಯುತ್ತಾರೆ, ನನಗಂತೂ ಆ ಪಾಸೇ ದೊಡ್ಡದು. ಬದಲಿ ಆಟಗಾರನಾಗಿ ಇಳಿದು 20 ಅಂಕ ಗಳಿಸಿದ ಫಿಲ್ ಬೂತ್‌ನನ್ನೂ ಮರೆಯಲಾರೆ. ಸೆಮಿಫೈನಲ್‌ನಲ್ಲಿ ಒಕ್ಲಹೋಮಾವನ್ನು 44 ಅಂಕಗಳಿಂದ ಸೋಲಿಸಿದ್ದ ವಿಲನೋವಾ ತಂಡ, 1985ರ ಬಳಿಕ ಮೊದಲ ಸಲ ಪ್ರಶಸ್ತಿಯನ್ನು ಮನೆಗೆ ತಂದಿತು.