ತುಟಿ ಕಾಣದಾದಾಗ

2020ರ ಯುಗಾದಿ ಬಂದದ್ದು ಮಾರ್ಚ್ 25ರಂದು. ದೇಶಕ್ಕೆಲ್ಲ ಲಾಕ್‌ಡೌನ್ ಮೊದಲಾದದ್ದೂ ಅಂದೇ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು 21 ದಿನ ಯಾರೂ ಮನೆಯಿಂದ ಹೊರಡಬಾರದೆಂದು ಹೇಳಿದಾಗ ನಾನೂ ನನ್ನ ಹೆಂಡತಿಯೂ ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತಿದ್ದೆವು. ಭಾಷಣ ಮುಗಿದ ಮೇಲೆ ಅವಳು ನನ್ನ ಕಡೆ ತಿರುಗಿ, "ಎಷ್ಟು ದಿನ ಅಂದರು?" ಎಂದು ಕೇಳಿದಳು. ಇಷ್ಟು ಹೊತ್ತು ಕೇಳಿಸಿಕೊಂಡದ್ದೇನು ಎಂದು ನಾನು ಸ್ವಲ್ಪ ಸಿಡುಕಿನಿಂದಲೇ ಉತ್ತರ ಕೊಟ್ಟೆ. ಆ ಸಿಡುಕು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಾನು ವಿಮಾ ಕಚೇರಿಯಿಂದ 2012ರಲ್ಲಿ ನಿವೃತ್ತನಾದೆ. ಅವಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಹೇಳಿ 2016ರಲ್ಲಿ ಮನೆಗೆ ಬಂದಳು. ನಿವೃತ್ತರೆಂದರೆ ದಿನವಿಡೀ ಜೊತೆಯಲ್ಲಿ ಇರುವವರು ಎಂದು ಊರಿನವರು ಭಾವಿಸುತ್ತಾರೆ, ಆದರೆ ನಮ್ಮ ವಿಷಯದಲ್ಲಿ ಅದು ನಿಜವಾಗಿರಲಿಲ್ಲ. ಬೆಳಗಿನ ಐದೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ, ಅಲ್ಲಿಂದ ಗೆಳೆಯರೊಂದಿಗೆ ಕಾಫಿ, ಆಮೇಲೆ ಗ್ರಂಥಾಲಯದ ಪತ್ರಿಕೆಗಳು, ಸಂಜೆ ಪಾರ್ಕಿನ ಕಲ್ಲುಬೆಂಚು: ನನ್ನ ದಿನದ ಬಹುಭಾಗ ಹೊರಗೇ ಕಳೆಯುತ್ತಿತ್ತು. ಮನೆಯಲ್ಲಿ ಆಡುತ್ತಿದ್ದ ಮಾತುಗಳೂ ಚಪ್ಪಲಿ ಹಾಕಿಕೊಳ್ಳುತ್ತಲೋ, ಪತ್ರಿಕೆಯ ಹಿಂದಿನಿಂದಲೋ, ಇನ್ನೊಂದು ಕೋಣೆಯಿಂದಲೋ ಆಡಿದವು. 39 ವರ್ಷಗಳ ದಾಂಪತ್ಯದಲ್ಲಿ ಇಡೀ ಹಗಲನ್ನು ನಾವಿಬ್ಬರೇ ಎದುರುಬದುರಾಗಿ ಕಳೆದದ್ದು ಯಾರಿಗಾದರೂ ಜ್ವರ ಬಂದಾಗ ಮಾತ್ರ.

ಮೊದಲ ವಾರ ಹೆದರಿಕೆಯಲ್ಲೇ ಕಳೆಯಿತು. ದೇಶದಲ್ಲಿ ಕೊರೊನಾದಿಂದ ಮೊದಲು ತೀರಿಕೊಂಡವರು ಕಲಬುರಗಿಯ 76 ವರ್ಷದ ಹಿರಿಯರು ಎಂಬುದನ್ನು ನಾನು ಮರೆತಿರಲಿಲ್ಲ. ನನಗೆ ಆಗ 68. ಅಷ್ಟರಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿದ ಸುದ್ದಿ ಬಂದು, ನಮ್ಮ ಜಿಲ್ಲೆಯ ಹೆಸರು ದಿನವೂ ಟಿ.ವಿ.ಯಲ್ಲಿ ಕಾಣತೊಡಗಿತು. ಮನೆಗೆಲಸದ ಹೆಂಗಸಿಗೆ ಸಂಬಳ ಕೊಟ್ಟು, ಸದ್ಯಕ್ಕೆ ಬರುವುದು ಬೇಡವೆಂದೆವು. ಗುಡಿಸುವುದು, ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂದವು. ಒರೆಸಿ ಜೋಡಿಸುವುದು, ಅಡಿಗೆ ಅವಳದು. ಪಾತ್ರೆ ತೊಳೆಯುವಾಗ ಅವಳು ಪಕ್ಕದಲ್ಲೇ ನಿಂತಿರುತ್ತಿದ್ದಳು. ನಾನು ಏನಾದರೂ ಹೇಳಿದರೆ ಉತ್ತರವಿರುತ್ತಿರಲಿಲ್ಲ. ನಲ್ಲಿ ನಿಲ್ಲಿಸಿ ಅವಳತ್ತ ತಿರುಗಿ ಅದನ್ನೇ ಹೇಳಿದರೆ ತಕ್ಷಣ ಉತ್ತರ ಬರುತ್ತಿತ್ತು. ನನ್ನ ಮೇಲೆ ಯಾವುದೋ ಹಳೆಯ ಮುನಿಸಿರಬೇಕೆಂದು ನಾನು ಎರಡು ದಿನ ಯೋಚಿಸಿದ್ದುಂಟು.

ಮಾರ್ಚ್ 28ರಿಂದ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿಯ ಮರುಪ್ರಸಾರ ಆರಂಭವಾಯಿತು, ಬೆಳಗ್ಗೆ ಒಂಬತ್ತಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ. ಅವಳು ಎರಡನ್ನೂ ನೋಡುವಳು, ಧ್ವನಿಯನ್ನು ನನ್ನ ಎದೆ ನಡುಗುವಷ್ಟು ಏರಿಸುವಳು. ನಾನು ಇಳಿಸುವೆ, ಅವಳು ಏರಿಸುವಳು. "ನಿಮಗೆ ಇಷ್ಟವಿಲ್ಲದಿದ್ದರೆ ಒಳಗೆ ಹೋಗಿ" ಎಂದಳು ಒಂದು ದಿನ, ಕಣ್ಣಲ್ಲಿ ನೀರು ತುಂಬಿಕೊಂಡು. ಇಷ್ಟು ಸಣ್ಣ ವಿಷಯಕ್ಕೆ ಕಣ್ಣೀರೇಕೆಂದು ನನಗೆ ಅರ್ಥವಾಗಲಿಲ್ಲ.

ಕೆರೆಗೆ ಹೋಗುವಂತಿರಲಿಲ್ಲವಾದ್ದರಿಂದ ನಾವಿಬ್ಬರೂ ತಾರಸಿಯ ಮೇಲೆ ನಡೆಯಲು ಶುರುಮಾಡಿದೆವು, ದಿನಕ್ಕೆ ನಲವತ್ತು ಸುತ್ತು. ವಾಹನಗಳಿಲ್ಲದ ಆ ಏಪ್ರಿಲ್‌ನಲ್ಲಿ ಬಡಾವಣೆಯ ಗಾಳಿಯಲ್ಲಿ ಹಕ್ಕಿಗಳ ದನಿ ಬಿಟ್ಟರೆ ಮತ್ತೇನೂ ಇರಲಿಲ್ಲ. ಪಕ್ಕದ ಮನೆಯ ದಾಸವಾಳಕ್ಕೆ ಸೂರಕ್ಕಿಯೊಂದು ಬಂದು, ಸೂಜಿಯ ಮೊನೆಯಂಥ ದನಿಯಲ್ಲಿ ಬಿಡದೆ ಕೂಗುತ್ತಿತ್ತು. "ಕೇಳು, ಎಷ್ಟು ಚಂದ" ಎನ್ನುತ್ತಿದ್ದೆ. ಅವಳು ನನ್ನ ಮುಖ ನೋಡಿ, ನಕ್ಕು, "ಹೌದು" ಎನ್ನುತ್ತಿದ್ದಳು. ಕೋಗಿಲೆ ಕೂಗಿದಾಗ ಮಾತ್ರ ಅವಳಾಗಿಯೇ ತಲೆಯೆತ್ತಿ ಮರದ ಕಡೆ ನೋಡುತ್ತಿದ್ದಳು. ಈ ವ್ಯತ್ಯಾಸವನ್ನು ನಾನು ದಿನವೂ ಕಂಡೆ, ಆದರೆ ಗಮನಕ್ಕೆ ತಂದುಕೊಳ್ಳಲಿಲ್ಲ. ಕುಕ್ಕರ್ ಒಲೆಯ ಮೇಲಿರುವಷ್ಟು ಹೊತ್ತೂ ಅವಳು ಅದರೆದುರು ನಿಂತು ಮೇಲಿನ ತೂಕದ ಕಡೆ ಕಣ್ಣು ನೆಟ್ಟಿರುವುದನ್ನೂ ಆ ದಿನಗಳಲ್ಲೇ ಮೊದಲ ಬಾರಿಗೆ ನೋಡಿದೆ. ಅವಳು ಕೂಗುಗಳನ್ನು ಎಣಿಸುತ್ತಿದ್ದುದು ಕಿವಿಯಿಂದಲ್ಲ, ಆವಿಗೆ ತೂಕ ಮೇಲೇಳುವುದನ್ನು ನೋಡಿ.

ಏಪ್ರಿಲ್ ಮಧ್ಯದಲ್ಲಿ ಮುಖಗವಸು ಕಡ್ಡಾಯವಾಯಿತು. ನಮ್ಮ ಬೀದಿಗೆ ತರಕಾರಿ ಗಾಡಿ ತರುತ್ತಿದ್ದ ಹುಡುಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೇಟಿನಿಂದ ಆರಡಿ ದೂರ ನಿಲ್ಲತೊಡಗಿದ. ಒಂದು ಬೆಳಗ್ಗೆ ಅವನು, "ಚಿಲ್ಲರೆ ಇದೆಯಾ ಅಮ್ಮಾ?" ಎಂದು ಕೇಳಿದ. ನನ್ನ ಹೆಂಡತಿ ಅಕ್ಕರೆಯಿಂದ, "ಇದೀವಪ್ಪ, ಎಲ್ಲರೂ ಚೆನ್ನಾಗಿದೀವಿ, ನಿಮ್ಮ ಮನೇಲಿ?" ಎಂದಳು. ಹುಡುಗ ಗಲಿಬಿಲಿಗೊಂಡು ನನ್ನತ್ತ ನೋಡಿದ. ನಾನು ಚಿಲ್ಲರೆ ತಂದುಕೊಟ್ಟೆ. ಅವಳು ಸೊಪ್ಪಿನ ಕಟ್ಟುಗಳನ್ನು ಎದೆಗವಚಿಕೊಂಡು ಬೇಗಬೇಗ ಒಳಗೆ ನಡೆದುಬಿಟ್ಟಳು.

ಅಂದು ಮಧ್ಯಾಹ್ನ ಊಟವಾದ ಮೇಲೆ ಅವಳು ತಾನಾಗಿಯೇ ಹೇಳಿದಳು. ತನಗೆ ಸದ್ದು ಕೇಳಿಸುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ; ಎದುರಿನವರ ತುಟಿ ಕಂಡರೆ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತೇನೆ; ಈಗ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿರುವುದರಿಂದ ಆ ದಾರಿಯೂ ಇಲ್ಲವಾಗಿದೆ ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ. ಶಾಲೆಯ ಕೊನೆಯ ಎರಡು ಮೂರು ವರ್ಷಗಳಿಂದಲೇ ಎಂದಳು. ಹಿಂದಿನ ಸಾಲಿನ ಮಕ್ಕಳು ಉತ್ತರ ಹೇಳಿದರೆ ತಿಳಿಯುತ್ತಿರಲಿಲ್ಲವಾದ್ದರಿಂದ, ಪ್ರತಿ ಮಗುವಿನ ಬಳಿಗೂ ನಡೆದುಹೋಗಿ, ಬಗ್ಗಿ, ಮುಖ ನೋಡಿ ಉತ್ತರ ಕೇಳುತ್ತಿದ್ದಳಂತೆ. ಮಕ್ಕಳ ಹತ್ತಿರ ಹೋಗಿ ಕಲಿಸುವ ಟೀಚರೆಂದು ಬೀಳ್ಕೊಡುಗೆಯ ದಿನ ಅವಳನ್ನು ಹೊಗಳಿದ್ದರು. ಸಭೆಯಲ್ಲಿ ನಾನೂ ಇದ್ದೆ, ಹೆಮ್ಮೆಯಿಂದ ಚಪ್ಪಾಳೆ ತಟ್ಟಿದ್ದೆ. ಆ ಹೊಗಳಿಕೆಗೆ ಅವಳು ನಿಜವಾಗಿಯೂ ಅರ್ಹಳೆಂದೇ ನಾನು ಈಗಲೂ ನಂಬುತ್ತೇನೆ, ಕಾರಣ ಯಾವುದೇ ಇರಲಿ.

ನನಗೇಕೆ ಹೇಳಲಿಲ್ಲ ಎಂದು ಕೇಳುವ ಮೊದಲೇ ಉತ್ತರ ನನಗೆ ಹೊಳೆದಿತ್ತು. ನೆಂಟರಿಷ್ಟರ ಮುಂದೆ, "ಇವಳಿಗೆ ಏನನ್ನೂ ಎರಡೆರಡು ಸಲ ಹೇಳಬೇಕು" ಎಂದು ನಾನು ಎಷ್ಟು ಬಾರಿ ಹೇಳಿದ್ದೆನೋ ಲೆಕ್ಕವಿಲ್ಲ. ಪುಣೆಯಲ್ಲಿರುವ ಮಗ ಫೋನ್ ಮಾಡಿದರೆ ಎರಡು ಮಾತಿಗೆ ಮುಗಿಸಿ ನನಗೆ ಕೊಡುವಳು, ಅದೇ ವಿಡಿಯೊ ಕರೆಯಾದರೆ ಅರ್ಧ ಗಂಟೆ ಮಾತಾಡುವಳು. ಮೊಮ್ಮಗನ ಮುಖ ನೋಡುವ ಆಸೆಯೆಂದು ನಾನು ತಿಳಿದಿದ್ದೆ. ಕಣ್ಣು ಮಂಜಾದಾಗ ಇಬ್ಬರೂ ಒಂದೇ ದಿನ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದವರು ನಾವು, ಕಿವಿಯ ಮಾತು ಬಂದಾಗ ಮಾತ್ರ ಅವಳು ಒಬ್ಬಳೇ ಆರೇಳು ವರ್ಷ ಹೊತ್ತು ತಿರುಗಿದಳು.

ಉಳಿದ ಲಾಕ್‌ಡೌನ್ ದಿನಗಳು ಬೇರೆ ರೀತಿ ಕಳೆದವು. ಅವಧಿ ಮೇ 3ಕ್ಕೆ, 17ಕ್ಕೆ, ಮತ್ತೆ 31ಕ್ಕೆ ಮುಂದುವರಿಯುತ್ತ ಹೋಯಿತು. ನಾನು ಬೇರೆ ಕೋಣೆಯಿಂದ ಕೂಗಿ ಮಾತಾಡುವುದನ್ನು ಬಿಟ್ಟೆ. ಹೇಳಬೇಕಾದದ್ದಿದ್ದರೆ ಅಡಿಗೆಮನೆಯ ಬಾಗಿಲಿಗೆ ಬಂದು, ಅವಳು ತಿರುಗುವವರೆಗೆ ಕಾದು, ಆಮೇಲೆ ಹೇಳುತ್ತಿದ್ದೆ. ಹಾಗೆ ಎದ್ದು ನಡೆದು ಬಂದು ಹೇಳುವಷ್ಟು ಬೆಲೆಯಿಲ್ಲದ ಮಾತುಗಳು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು, ಮುಖ್ಯವಾಗಿ ನನ್ನ ದೂರುಗಳು. ಬೇಸಿಗೆಯ ಸಂಡಿಗೆಯನ್ನು ತಾರಸಿಯ ಮೇಲೆ ಒತ್ತುವಾಗ ಎದುರುಬದುರು ಕುಳಿತು ನಮ್ಮ ಮದುವೆಯಾದ ಹೊಸದರ ಬಾಡಿಗೆ ಮನೆಯ ಕಥೆಗಳನ್ನೆಲ್ಲ ಮತ್ತೊಮ್ಮೆ ಆಡಿಕೊಂಡೆವು.

ಪರೀಕ್ಷೆಗೆ ಹೋದದ್ದು 2021ರ ಜನವರಿಯಲ್ಲಿ, ಸೋಂಕು ಇಳಿದ ಮೇಲೆ. 1960ರ ದಶಕದಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಊರಿನಲ್ಲೇ, ಮಾನಸಗಂಗೋತ್ರಿಯಲ್ಲಿದೆ. ನಾನು ಎಂಟು ವರ್ಷ ದಿನವೂ ನಡೆದ ಕೆರೆಯಿಂದ ಅದು ದೂರವೇನಲ್ಲ. ಸದ್ದು ಹೊಗದ ಕೋಣೆಯಲ್ಲಿ ಅವಳನ್ನು ಕೂರಿಸಿ, ಕಿವಿಗೆ ಬೇರೆ ಬೇರೆ ಏರಿಳಿತದ ಸ್ವರಗಳನ್ನು ಕೊಟ್ಟು, ಫಲಿತಾಂಶವನ್ನು ಗೆರೆಯಾಗಿ ಬರೆದು ತೋರಿಸಿದರು. ತಗ್ಗು ಸ್ವರಗಳ ಕಡೆ ಗೆರೆ ಹೆಚ್ಚುಕಡಿಮೆ ಸಮವಾಗಿತ್ತು. ಸ್ವರ ಎಷ್ಟು ಕೀಚಲು ಎಂಬುದನ್ನು ಅಳೆಯುವ ಹರ್ಟ್ಸ್ ಲೆಕ್ಕದಲ್ಲಿ 2000 ದಾಟಿದ ಮೇಲೆ ಬೆಟ್ಟದಿಂದ ಬಿದ್ದಂತೆ ಇಳಿದಿತ್ತು. ಅ, ಇ, ಉ ಮುಂತಾದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಕಡೆಗಿದೆ, ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಎತ್ತರದ ಕಡೆಗಿದೆ. ವಯಸ್ಸಿನೊಂದಿಗೆ ಮೊದಲು ಹೋಗುವುದು ಎತ್ತರದ್ದೇ ಎಂದು ವಿವರಿಸಿದರು. ಚಿಲ್ಲರೆಯ ಚಕಾರ ಹೋಗಿ ಎಲ್ಲರೂ ಎಂದಾದದ್ದು, ಕೋಗಿಲೆ ಉಳಿದು ಸೂರಕ್ಕಿ ಇಲ್ಲವಾದದ್ದು ಆಗ ಒಟ್ಟಿಗೆ ಅರ್ಥವಾಯಿತು. ಮುಖಗವಸಿನ ಬಟ್ಟೆ ತಡೆಯುವುದೂ ಮುಖ್ಯವಾಗಿ ಆ ಎತ್ತರದ ದನಿಗಳನ್ನೇ.

ಕಿವಿಯ ಯಂತ್ರ ಅವಳಿಗೆ ಒಡನೆಯೇ ಒಗ್ಗಲಿಲ್ಲ. ಪತ್ರಿಕೆ ಮಡಚುವ ಸದ್ದು, ಲೋಟ ಇಡುವ ಸದ್ದು ತಲೆಗೆ ಹೊಡೆದಂತಾಗುತ್ತದೆ ಎನ್ನುತ್ತಿದ್ದಳು. ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಎಂದು ಹೆಚ್ಚಿಸುತ್ತ ಮಾರ್ಚ್ ಹೊತ್ತಿಗೆ ಅಭ್ಯಾಸ ಮಾಡಿಕೊಂಡಳು. ಅದೇ ತಿಂಗಳು ಇಬ್ಬರೂ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡೆವು.

ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಎಲ್ಲವೂ ಮುಚ್ಚಿತು. ಎರಡನೆಯ ಅಲೆಯ ಆ ಮೇ ತಿಂಗಳಲ್ಲಿ ಫೋನ್ ಹೊಡೆದುಕೊಂಡರೆ ಸಾಕು, ಯಾರ ಸುದ್ದಿಯೋ ಎಂದು ಕೈ ನಡುಗುತ್ತಿತ್ತು. ಒಂದು ಸಂಜೆ ನಾನು ತಾರಸಿಯಲ್ಲಿದ್ದಾಗ ಕೆಳಗೆ ಫೋನ್ ಬಂತು, ವಿಡಿಯೊ ಕರೆಯಲ್ಲ, ಬರಿಯ ದನಿ. ಅವಳೇ ಎತ್ತಿದಳಂತೆ. ಅವಳ ಜೊತೆ ಹನ್ನೆರಡು ವರ್ಷ ಒಂದೇ ಶಾಲೆಯಲ್ಲಿದ್ದ ಟೀಚರೊಬ್ಬರು ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ನಾನು ಇಳಿದು ಬಂದಾಗ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಾನು ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತೆ. ಸುದ್ದಿ ಹೇಳಿದಳು, ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಒಂದೇ ಸಲಕ್ಕೆ ಪೂರ್ತಿ ಕೇಳಿಸಿತು" ಎಂದಳು.