ನಿನ್ನ ಬಣ್ಣದ ಸೋಲಾರ್ ನಮ್ಮ ಮಾಳಿಗೆಗೆ ಯಾವಾಗ ಬರುತ್ತಮ್ಮಾ?

ಕೋಲಾರದಲ್ಲಿ ಯಾವ ಮದುವೆಗೆ ಹೋದರೂ ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂತವರು ಕೇಳುವುದು ಒಂದೇ ಪ್ರಶ್ನೆ. "ನೀನು ಅದೇನೋ ಬಣ್ಣದ ಸೋಲಾರ್ ಮಾಡ್ತೀಯಂತಲ್ಲ, ನಮ್ಮ ಮಾಳಿಗೆಗೆ ಯಾವಾಗ ಬರುತ್ತಮ್ಮಾ?" ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಉಳಿದ ಹೊತ್ತೆಲ್ಲ ಲೋಹದ ಕಾಂಪ್ಲೆಕ್ಸ್‌ಗಳ ಜೊತೆಗೇ ಕಳೆಯುತ್ತದೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎಲೆಗೆ ಸಾರು ಬಂದು ಮಾತು ಬೇರೆ ಕಡೆ ಹೋಗಿಬಿಡುತ್ತದೆ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮಾಳಿಗೆಯ ಮೇಲೆ ಅದು ಬರುವುದಿಲ್ಲ. ಅಲ್ಲಿಗೆ ಈಗ ಸಿಗುವ ಸಿಲಿಕಾನ್ ಪ್ಯಾನೆಲ್ಲೇ ಸರಿ. ಬೇಕಿದ್ದರೆ ಈ ವರ್ಷವೇ ಹಾಕಿಸಿಕೊಳ್ಳಿ, ನನ್ನ ಸಂಶೋಧನೆಗೆ ಅಂತ ಕಾಯಬೇಡಿ. ಬಣ್ಣದಿಂದ ಬೆಳಕು ಹೀರಿ ಕರೆಂಟ್ ಮಾಡುವ ನನ್ನ ಸೆಲ್‌ಗೆ ಜಾಗ ಇರುವುದು ಮನೆಯ ಒಳಗೆ, ಬಿಸಿಲು ಬೀಳದ ಕಡೆ.

ಮುಳಬಾಗಿಲು ಕಡೆ ನನ್ನ ಸೋದರಮಾವನ ತೋಟ ಇದೆ. ಹಿಪ್ಪುನೇರಳೆ, ಒಂದಿಷ್ಟು ಟೊಮೆಟೊ. ಸಾವಿರ ಅಡಿ ದಾಟಿದ ಬೋರ್‌ವೆಲ್. "ನಿನ್ನ ಸೋಲಾರಿಂದ ನನ್ನ ಮೋಟಾರ್ ಓಡುತ್ತಾ?" ಅಂತ ಮಾವ ಒಮ್ಮೆ ಕೇಳಿದರು. ಅವರ ಎದುರಿಗೇ ಲೆಕ್ಕ ಹಾಕಿ ತೋರಿಸಿದೆ. ಐದು ಎಚ್‌ಪಿ ಮೋಟಾರಿಗೆ ಸುಮಾರು 5 ಕಿಲೋವ್ಯಾಟ್ ಪ್ಯಾನೆಲ್ ಬೇಕು. ನಾನು ಲ್ಯಾಬಿನಲ್ಲಿ ಅಳೆಯುವ ಸೆಲ್ ಅರ್ಧ ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ಅಗಲ. ಅದು ಬಿಸಿಲಿನ ನೂರು ಪಾಲಿನಲ್ಲಿ ಎಂಟು ಪಾಲನ್ನು ಕರೆಂಟ್ ಮಾಡಿದರೂ ಸಿಗುವುದು 2 ಮಿಲಿವ್ಯಾಟ್. ಮೋಟಾರ್ ಓಡಬೇಕಾದರೆ ಅಂಥವು 25 ಲಕ್ಷ ಬೇಕು. ಮಾವ ನಗಲಿಲ್ಲ. "ಮತ್ತೆ ಯಾಕಮ್ಮಾ ಮಾಡ್ತೀಯ?" ಅಂದರು. ಆ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ.

1991ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಬ್ರಯನ್ ಓರೆಗನ್ ಮತ್ತು ಮೈಕೆಲ್ ಗ್ರೆಟ್ಜೆಲ್ ಇಂಥ ಸೆಲ್ ಮಾಡಿ, ಬಿಸಿಲಿನ ಏಳು ಶೇಕಡಾಕ್ಕಿಂತ ಜಾಸ್ತಿ ಪಾಲನ್ನು ಕರೆಂಟ್ ಮಾಡಿ ತೋರಿಸಿದರು. ಆಗ ಸಿಲಿಕಾನ್ ಬಹಳ ದುಬಾರಿ. ಇದಕ್ಕೆ ಬೇಕಾದ್ದು ಟೈಟಾನಿಯಂ ಡೈಆಕ್ಸೈಡ್, ಅಂದರೆ ಗೋಡೆಯ ಬಿಳಿ ಪೇಂಟಿನಲ್ಲಿ ಇರುವ ಪುಡಿ. ಅದರ ಮೇಲೆ ಬೆಳಕು ಹೀರುವ ಬಣ್ಣ. ಇಷ್ಟು ಅಗ್ಗದ ವಸ್ತುಗಳಲ್ಲಿ ಕರೆಂಟ್ ಬಂದರೆ ಊರೂರಿಗೆ ಸೋಲಾರ್ ಬರುತ್ತದೆ ಅಂತ ಎಲ್ಲರಿಗೂ ಆಸೆ. ಆದರೆ 2010ರಿಂದ ಮುಂದಿನ ಹತ್ತು ವರ್ಷದಲ್ಲಿ ಸಿಲಿಕಾನ್ ಪ್ಯಾನೆಲ್ ಬೆಲೆ ಹೆಚ್ಚು ಕಡಿಮೆ ಹತ್ತನೇ ಒಂದು ಪಾಲಿಗೆ ಇಳಿಯಿತು. ಅಗ್ಗದ ಪೈಪೋಟಿಯಲ್ಲಿ ನಾವು ಸೋತೆವು. ಅದನ್ನು ಒಪ್ಪಿಕೊಳ್ಳಲು ನನಗೆ ಕೆಲವು ವರ್ಷ ಹಿಡಿಯಿತು.

ನನ್ನ ಸೆಲ್‌ನಲ್ಲಿ ಆ ಬಣ್ಣ ಒಂದು ಲೋಹದ ಕಾಂಪ್ಲೆಕ್ಸ್. ಸರಿ, ಕಾಂಪ್ಲೆಕ್ಸ್ ಅಂದರೇನು? ನಡುವೆ ಒಂದು ಲೋಹದ ಪರಮಾಣು, ಸುತ್ತ ಅದನ್ನು ಹಿಡಿದುಕೊಂಡ ಬೇರೆ ಅಣುಗಳು. ಎಲೆಯ ಹಸಿರಿನಲ್ಲಿ ಮೆಗ್ನೀಸಿಯಂ ಹಾಗೆ ಕೂತಿದೆ. ರಕ್ತದ ಕೆಂಪಿನಲ್ಲಿ ಕಬ್ಬಿಣ. ಕೋಲಾರದವರಿಗೆ ಇದನ್ನು ಹೇಳಿಕೊಡಲು ಬೇರೆ ಉದಾಹರಣೆಯೇ ಬೇಡ. ನಮ್ಮ ತಾತ ಕೆಜಿಎಫ್ ಗಣಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಚಿನ್ನ ಸುಮ್ನೆ ಯಾವುದರಲ್ಲೂ ಕರಗುವುದಿಲ್ಲ. ಅರೆದ ಅದಿರಿಗೆ ಸೈನೈಡ್ ದ್ರಾವಣ ಹಾಕಿ ಗಾಳಿ ತಾಗಿಸಿದರೆ, ಒಂದೊಂದು ಚಿನ್ನದ ಪರಮಾಣುವನ್ನು ಎರಡು ಸೈನೈಡ್ ಎರಡೂ ಕಡೆಯಿಂದ ಹಿಡಿದು ನೀರಿಗೆ ಇಳಿಸುತ್ತವೆ. ಆಮೇಲೆ ಸತುವಿನ ಪುಡಿ ಹಾಕಿದರೆ ಚಿನ್ನ ಕೈ ಬಿಡಿಸಿಕೊಂಡು ಹೊರಗೆ ಬೀಳುತ್ತದೆ. ಗಣಿ 2001ರ ಫೆಬ್ರವರಿಯಲ್ಲಿ ನಿಂತಿತು. ಹಿಂಡಿ ತೆಗೆದ ಮಣ್ಣು ಇವತ್ತಿಗೂ ಸೈನೈಡ್ ದಿಬ್ಬ ಆಗಿ ಊರ ನಡುವೆ ನಿಂತಿದೆ. ಗಾಳಿ ಎದ್ದ ದಿನ ಕಿಟಕಿ ಮುಚ್ಚಬೇಕು. ಈ ವಿದ್ಯೆ ಏನು ಕೊಡುತ್ತದೆ, ಏನು ಬಿಟ್ಟುಹೋಗುತ್ತದೆ ಅನ್ನುವುದನ್ನು ನಾನು ಚಿಕ್ಕಂದಿನಲ್ಲೇ ಕಣ್ಣಾರೆ ಕಂಡಿದ್ದೇನೆ. ಲ್ಯಾಬಿನಲ್ಲಿ ಯಾವ ಲೋಹ, ಯಾವ ದ್ರಾವಕ ಬಳಸಬೇಕು ಅಂತ ಆರಿಸುವಾಗ ಆ ದಿಬ್ಬ ನೆನಪಿಗೆ ಬಂದೇ ಬರುತ್ತದೆ.

ನಮ್ಮ ಸೆಲ್‌ನಲ್ಲಿ ಹೆಚ್ಚು ಹೆಸರು ಮಾಡಿದ ಬಣ್ಣ ರುಥೇನಿಯಂ ಲೋಹದ್ದು. ಬೆಳಕು ಬಿದ್ದರೆ ಅದರ ಒಂದು ಎಲೆಕ್ಟ್ರಾನ್ ಟೈಟಾನಿಯಂ ಪದರಕ್ಕೆ ಜಿಗಿಯುತ್ತದೆ. ಅಲ್ಲಿಂದ ತಂತಿಯಲ್ಲಿ ಹರಿದು, ಕೆಲಸ ಮಾಡಿ, ಸೆಲ್‌ನ ಇನ್ನೊಂದು ಬದಿಯಿಂದ ಒಳಗೆ ಬರುತ್ತದೆ. ನಡುವೆ ಇರುವ ದ್ರಾವಣ ಅದನ್ನು ತಂದು ಬಣ್ಣಕ್ಕೆ ಒಪ್ಪಿಸುತ್ತದೆ. ತೊಂದರೆ ಏನೆಂದರೆ ರುಥೇನಿಯಂ ಬಹಳ ಅಪರೂಪದ ಲೋಹ. ಅದರ ದೊಡ್ಡ ಪಾಲು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಿಂದ ಬರಬೇಕು. ಅದರ ಜಾಗಕ್ಕೆ ಕಬ್ಬಿಣ ಹಾಕೋಣ ಅಂದರೆ, ಸಾಮಾನ್ಯ ಕಬ್ಬಿಣದ ಕಾಂಪ್ಲೆಕ್ಸ್ ಹೀರಿದ ಬೆಳಕನ್ನು ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿಗೂ ಮೊದಲೇ ಒಳಗೊಳಗೇ ಕಳೆದುಕೊಳ್ಳುತ್ತದೆ. ಎಲೆಕ್ಟ್ರಾನ್ ಜಿಗಿಯಲು ಸಮಯವೇ ಸಿಗುವುದಿಲ್ಲ.

ಹಾಗಾಗಿ ನಾನು ಹಿಡಿದದ್ದು ತಾಮ್ರ. ಬಿಂದಿಗೆಗೆ ಕಿಲುಬು ಹಿಡಿದಾಗ ಹುಣಸೆಹಣ್ಣು ಹಾಕಿ ತಿಕ್ಕುತ್ತೀರಲ್ಲ, ಅಲ್ಲಿ ಹುಣಸೆಯ ಹುಳಿ ತಾಮ್ರವನ್ನು ಹಿಡಿದು ನೀರಿಗೆ ಎಳೆಯುತ್ತದೆ. ಅದೂ ಕಾಂಪ್ಲೆಕ್ಸೇ. ನನ್ನ ಕಾಂಪ್ಲೆಕ್ಸ್‌ನಲ್ಲಿ ತಾಮ್ರದ ಸುತ್ತ ನಾಲ್ಕು ಕಡೆಯಿಂದ ಹಿಡಿತ ಇರುತ್ತದೆ, ನಾಲ್ಕು ಮೂಲೆಯ ಗೋಪುರದ ಹಾಗೆ. ಬೆಳಕು ಬಿದ್ದ ಕೂಡಲೇ ಆ ಗೋಪುರ ಚಪ್ಪಟೆಯಾಗಲು ನೋಡುತ್ತದೆ. ಚಪ್ಪಟೆಯಾದರೆ ಮುಗಿಯಿತು, ದ್ರಾವಕ ಒಳಗೆ ನುಗ್ಗಿ ಬೆಳಕಿನ ಶಕ್ತಿಯೆಲ್ಲ ಹಾಳು. ಅದಕ್ಕೆ ಹಿಡಿದ ಕೈಗಳ ಬುಡದಲ್ಲಿ ಸ್ವಲ್ಪ ದಪ್ಪನೆಯ ಪರಮಾಣು ಗುಂಪುಗಳನ್ನು ಕೂರಿಸುತ್ತೇವೆ, ಮಗ್ಗುಲಾಗಲು ಜಾಗವೇ ಇಲ್ಲದ ಹಾಗೆ. ಯಾವ ಗುಂಪು, ಎಷ್ಟು ದಪ್ಪ, ಎಲ್ಲಿ, ಇದೇ ನನ್ನ ಎಷ್ಟೋ ವರ್ಷದ ಕೆಲಸ. ತಾಮ್ರದ ಬಣ್ಣ ರುಥೇನಿಯಂಗಿಂತ ಇನ್ನೂ ಬಹಳ ಹಿಂದಿದೆ. ಆದರೂ ಒಂದು ಗುಂಪು ಬದಲಾಯಿಸಿದಾಗ ಕರೆಂಟಿನ ಗೆರೆ ಕೂದಲೆಳೆಯಷ್ಟು ಮೇಲೇರಿದರೆ ಆ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಸೆಲ್ ಮಾಡುವುದನ್ನು ನೋಡಲು ವಿದ್ಯಾರ್ಥಿಗಳು ಸುತ್ತ ನಿಲ್ಲುತ್ತಾರೆ. ಗಾಜಿನ ಒಂದು ಮುಖಕ್ಕೆ ಮಾತ್ರ ಕರೆಂಟ್ ಹರಿಯುವ ಲೇಪ ಇರುತ್ತದೆ. ಕಣ್ಣಿಗೆ ಕಾಣದು, ಮಲ್ಟಿಮೀಟರ್ ಇಟ್ಟು ಹುಡುಕಬೇಕು. ಅಂಚುಗಳಿಗೆ ಟೇಪ್ ಅಂಟಿಸಿ, ನಡುವೆ ಬಿಳಿ ಪೇಸ್ಟ್ ಒಂದು ಹನಿ ಬಿಟ್ಟು, ಗಾಜಿನ ಕಡ್ಡಿಯಿಂದ ಒಂದೇ ಸಲ ಎಳೆಯಬೇಕು. ಮುಳಬಾಗಿಲು ದೋಸೆಯ ದಪ್ಪ ಇಲ್ಲಿ ನಡೆಯುವುದಿಲ್ಲ, ಪೇಪರ್ ದೋಸೆಯವರ ಕೈ ಬೇಕು. ಪದರದ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗ. 450 ಡಿಗ್ರಿ ಫರ್ನೇಸಿನಲ್ಲಿ ಅರ್ಧ ಗಂಟೆ. ಮೊದಲು ಕಂದಾಗುತ್ತದೆ, ಪೇಸ್ಟಿನ ಅಂಟು ಸುಟ್ಟುಹೋದ ಮೇಲೆ ಮತ್ತೆ ಬೆಳ್ಳಗಾಗುತ್ತದೆ. ಈ ಅರ್ಧ ಗಂಟೆಯಲ್ಲಿ ಕರೆಂಟ್ ಹೋದರೆ ಆ ಗಾಜು ಕಸಕ್ಕೆ. ನನಗೆ ಎಷ್ಟೋ ಸಲ ಹಾಗಾಗಿದೆ. ಸರಿಯಾಗಿ ಬಂದರೆ ಆ ಚೂರು ಚೌಕದ ಒಳಗೆ ಎಷ್ಟು ಸಂದುಗೊಂದು ಅಂದರೆ, ಬಣ್ಣ ಕೂರುವ ಜಾಗ ಮೇಲೆ ಕಾಣುವುದರ ಸುಮಾರು ಸಾವಿರ ಪಟ್ಟು. ಸಂಜೆ ಬಣ್ಣದ ದ್ರಾವಣದಲ್ಲಿ ಮುಳುಗಿಸಿಟ್ಟು ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಬಂದು ನೋಡಿದರೆ ಬಿಳಿ ಚೌಕ ಕುಂಕುಮ ಬಣ್ಣಕ್ಕೆ ತಿರುಗಿರುತ್ತದೆ. ಆಲ್ಕೋಹಾಲಿನಲ್ಲಿ ತೊಳೆದರೂ ಬಿಡುವುದಿಲ್ಲ. ಮೊದಲ ವರ್ಷದ ಮಕ್ಕಳಿಗೆ ನೇರಳೆ ಹಣ್ಣಿನ ರಸದಲ್ಲೇ ಮಾಡಿಸುತ್ತೇನೆ. ಒಂದು ಶೇಕಡಾ ಕೂಡ ಬರುವುದಿಲ್ಲ, ಆದರೆ ಮೀಟರಿನ ಅಂಕಿ ಅಲುಗಾಡಿದಾಗ ಅವರ ಮುಖ ನೋಡಬೇಕು.

ಇದೇ ಕಾಂಪ್ಲೆಕ್ಸ್‌ಗಳು ಇನ್ನೊಂದು ಕೆಲಸಕ್ಕೂ ಬರುತ್ತವೆ. ಬೆಳಕು ಹೀರಿ ಎಲೆಕ್ಟ್ರಾನ್ ಕೊಡುವ ಅಣುವನ್ನು ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಆಗಿ ಬಳಸಿ, ಎಲ್‌ಇಡಿ ದೀಪದ ಕೆಳಗೆ ರೂಮಿನ ಬಿಸಿಯಲ್ಲೇ ಔಷಧಿಯ ಅಣುಗಳನ್ನು ಜೋಡಿಸಬಹುದು. ಸೆಲ್‌ನಲ್ಲಿ ಸೋತ ಎರಡು ತಾಮ್ರದ ಕಾಂಪ್ಲೆಕ್ಸ್ ನನ್ನ ಲ್ಯಾಬಿನಲ್ಲಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿವೆ. ಅದರ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಈಗ ಮನೆಯೊಳಗಿನ ಮಾತು. ಬೆಳಕು ಎಷ್ಟಿದೆ ಅಂತ ಲಕ್ಸ್‌ನಲ್ಲಿ ಅಳೆಯುತ್ತೇವೆ. ನಡು ಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಮುನ್ನೂರೋ ಐನೂರೋ. ಅಷ್ಟು ಮಂಕು ಬೆಳಕಿನಲ್ಲಿ ಮಾಳಿಗೆಯ ಸಿಲಿಕಾನ್ ಪ್ಯಾನೆಲ್ ಸೊರಗುತ್ತದೆ, ಬಣ್ಣದ ಸೆಲ್ ಸೊರಗುವುದಿಲ್ಲ. 2017ರಲ್ಲಿ ತಾಮ್ರದ ಕಾಂಪ್ಲೆಕ್ಸ್ ಇದ್ದ ದ್ರಾವಣ ಹಾಕಿದ ಸೆಲ್ 1000 ಲಕ್ಸ್ ಬೆಳಕಿನಲ್ಲಿ 28.9 ಶೇಕಡಾ ಕೊಟ್ಟಿತು. ನೋಡಿ, ಇಲ್ಲಿ ತಾಮ್ರ ಬಣ್ಣವಾಗಿ ಅಲ್ಲ, ಎಲೆಕ್ಟ್ರಾನ್ ಹೊತ್ತು ತರುವ ಕೆಲಸದಲ್ಲಿ ಗೆದ್ದಿತು. ಸ್ವೀಡನ್ನಿನ ಎಕ್ಸೆಗರ್ ಅನ್ನುವ ಕಂಪನಿಯ ಬಣ್ಣದ ಸೆಲ್ ಈಗಾಗಲೇ ಹೆಡ್‌ಫೋನಿನ ಪಟ್ಟಿಯ ಮೇಲೆ ಬಂದಿದೆ.

ನನಗೆ ಹೊಳೆದ ಜಾಗ ಮಾವನ ಹುಳುಮನೆ. ರೇಷ್ಮೆ ಹುಳಕ್ಕೆ ಬಿಸಿಲು ಬೀಳಬಾರದು, ಒಳಗೆ ಯಾವಾಗಲೂ ಮಬ್ಬು. ಆದರೆ ಬಿಸಿ ಎಷ್ಟು, ತೇವ ಎಷ್ಟು ಅಂತ ದಿನವಿಡೀ ನೋಡುತ್ತಿರಬೇಕು. ದೊಡ್ಡ ಹುಳಕ್ಕೆ 24ರಿಂದ 26 ಡಿಗ್ರಿ, ತೇವ 70 ಶೇಕಡಾ ಸುತ್ತ ಇರಬೇಕು. ಮಾವನ ಮೀಟರಿನ ಬ್ಯಾಟರಿ ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹೊತ್ತಿಗೇ ಸತ್ತುಹೋಗಿ ಒಮ್ಮೆ ಬೆಳೆ ಕೆಟ್ಟಿತ್ತು. ಹಾಗಾಗಿ ಬೆಂಕಿಪೊಟ್ಟಣದ ಗಾತ್ರದ ನಾಲ್ಕು ಸೆಲ್ ಸಾಲಾಗಿ ಜೋಡಿಸಿ, ಮೀಟರಿನ ಬೆನ್ನಿಗೆ ಕಟ್ಟಿ, ಕಿಟಕಿಯ ಪಕ್ಕದ ಗೋಡೆಗೆ ನೇತುಹಾಕಿದೆ. ಅಂಕಿ ಮೂಡಿತು. ಮಾವ ಟಾರ್ಚ್ ಆರಿಸಿ, ಬಾಗಿಲು ಮುಚ್ಚಿ, ತೆಗೆದು ಮೂರು ಸಲ ನೋಡಿದರು.

ಹತ್ತೊಂಬತ್ತು ದಿನ ನಡೆಯಿತು. ಆಮೇಲೆ ಅಂಕಿ ಮಸುಕಾಗಿ ಹೋಯಿತು. ಬಿಚ್ಚಿ ನೋಡಿದರೆ ಎರಡು ಸೆಲ್‌ಗಳಲ್ಲಿ ದ್ರಾವಣ ಆವಿಯಾಗಿ ಗುಳ್ಳೆ ಕೂತಿತ್ತು. ನಾನು ಹಾಕಿದ ದ್ರಾವಕ ಬೇಗ ಹಾರುವಂಥದ್ದು. ಅಂಚಿನ ಸೀಲ್ ಕೂಡ ಒಂದು ಕಡೆ ಬಿಟ್ಟುಕೊಂಡಿತ್ತು. ಈಗ ಅಷ್ಟು ಬೇಗ ಹಾರದ ದ್ರಾವಕಕ್ಕೆ ಬದಲಾಯಿಸಿದ್ದೇನೆ. ಅದು ಸ್ವಲ್ಪ ಮಂದ, ಕರೆಂಟ್ ಕಡಿಮೆ, ಅದಕ್ಕೆ ನಾಲ್ಕರ ಜಾಗದಲ್ಲಿ ಆರು ಸೆಲ್. ಬೆಳೆ ಮುಗಿದ ಮೇಲೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯುತ್ತಾರೆ, ಅದರ ಘಾಟು ತಂತಿಯ ಬೆಸುಗೆಯನ್ನು ತಿನ್ನುತ್ತದೆ. ಆ ದಿನ ಇದನ್ನು ಬಿಚ್ಚಿ ಮನೆಯೊಳಗೆ ತಂದಿಡಿ ಅಂತ ಮಾವನಿಗೆ ಹೇಳಿದ್ದೇನೆ. ಹೊಸ ಚಾಕಿ ಹುಳು, ಅಂದರೆ ಮರಿ ಹುಳು, ಮುಂದಿನ ಸೋಮವಾರ ಬರುತ್ತದಂತೆ. ಭಾನುವಾರವೇ ಹೋಗಿ ಆರನ್ನೂ ಕಟ್ಟಿ ಬರುತ್ತೇನೆ.